ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಬಿಸಿಯಾದ ಮೇಲೆ ಹಿಡಿಯುವುದೇ ಇಲ್ಲ. ಎಲ್ಲಿ ನೋಡಬೇಕು?

ತಂಪುಗಾಳಿ
ಮೂರು ತಿಂಗಳಿಂದ ಇದೊಂದು ತೊಂದರೆ ಜೊತೆ ಒದ್ದಾಡುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

2011ರ ಪೆಟ್ರೋಲ್ ಗಾಡಿ, 1.2 ಲೀಟರ್, ನಾಲ್ಕು ಸಿಲಿಂಡರ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ). 1,18,000 ಕಿ.ಮೀ. ಓಡಿದೆ. ಬೆಳಿಗ್ಗೆ ಕೀ ತಿರುಗಿಸಿದರೆ ಸಾಕು, ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಎರಡು ನಿಮಿಷದೊಳಗೆ ಮತ್ತೆ ಸ್ಟಾರ್ಟ್ ಮಾಡಿದರೂ ತೊಂದರೆ ಇಲ್ಲ. ಆದರೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿ ಬಂದರೆ ಮುಗಿಯಿತು. ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಎಂಟು ಹತ್ತು ಸೆಕೆಂಡ್ ಹೊಡೆದ ಮೇಲೆ ಒಂದೊಂದೇ ಸಿಲಿಂಡರ್ ಹತ್ತಿಕೊಂಡ ಹಾಗೆ ಬಡಬಡ ಅಂತ ಹಿಡಿಯುತ್ತದೆ. ಅರ್ಧ ನಿಮಿಷ ಮಿಸ್ಸಿಂಗ್, ಆಮೇಲೆ ಸರಿ. ಮೂರು ನಾಲ್ಕು ಗಂಟೆ ಬಿಟ್ಟರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ.

ಇಲ್ಲಿಯವರೆಗೆ ಬ್ಯಾಟರಿ, ನಾಲ್ಕೂ ಪ್ಲಗ್, ಏರ್ ಫಿಲ್ಟರ್, ಕೊನೆಗೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಕೂಡ ಬದಲಾಯಿಸಿ ಆಯಿತು. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಗ್ಯಾರೇಜಿಗೆ ಬಿಟ್ಟರೆ ಅವರು ನೋಡುವ ಹೊತ್ತಿಗೆ ಗಾಡಿ ತಣ್ಣಗಾಗಿರುತ್ತದೆ. "ಏನೂ ತೊಂದರೆ ಇಲ್ಲ, ಚೆನ್ನಾಗಿದೆ" ಅಂತ ವಾಪಸ್ ಕೊಡುತ್ತಾರೆ. ಮುಂದೆ ಯಾವ ಪಾರ್ಟ್ ಬದಲಾಯಿಸಲಿ?

ನಾಲ್ಕನೇಗೇರ್
ಬ್ಯಾಟರಿ ವೀಕ್ ಇರಬೇಕು. ಬದಲಾಯಿಸಿ ನೋಡಿ.

ತಂಪುಗಾಳಿ
ಬದಲಾಯಿಸಿದ್ದೇನೆ ಅಂತ ಬರೆದಿದ್ದೇನಲ್ಲ.

ಕೀಕಳ್ಳ
ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್. ಕಣ್ಣು ಮುಚ್ಚಿಕೊಂಡು ಬದಲಾಯಿಸಿ. ನನ್ನ ಗಾಡಿಗೂ ಹೀಗೇ ಆಗಿತ್ತು. ಬಿಸಿಯಾದಾಗ ಸೆನ್ಸರ್ ಒಳಗಿನ ಸುರುಳಿ ತಂತಿ ಹಿಗ್ಗಿ ಎಲ್ಲೋ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಎಂಜಿನ್ ತಿರುಗುತ್ತಿದೆ ಅನ್ನುವುದೇ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಗೊತ್ತಾಗುವುದಿಲ್ಲ. ಆಗ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ತಣ್ಣಗಾದರೆ ತಂತಿ ಮತ್ತೆ ಕೂಡಿಕೊಳ್ಳುತ್ತದೆ, ಗಾಡಿ ಸ್ಟಾರ್ಟ್. ಮೂರು ಸಲ ನಡುರಸ್ತೆಯಲ್ಲಿ ನಿಂತಿದ್ದೇನೆ, ಆ ಸಂಕಟ ನನಗೆ ಗೊತ್ತು.

ಹಳೇಸ್ಪಾನರ್
ಕೀಕಳ್ಳ ಅವರೇ, ಕಣ್ಣು ಮುಚ್ಚಿಕೊಂಡು ಬದಲಾಯಿಸಿದ್ದಕ್ಕೇ ಇವರು ನಾಲ್ಕು ಪಾರ್ಟ್ ದಂಡ ಮಾಡಿಕೊಂಡಿರುವುದು. ಐದನೆಯದು ಬೇಡ.

ತಂಪುಗಾಳಿಯವರೇ, ಏನು ಬದಲಾಯಿಸಲಿ ಅಂತ ಕೇಳುತ್ತಿದ್ದೀರಿ. ಅದನ್ನು ಸದ್ಯಕ್ಕೆ ಬಿಡಿ. ಗಾಡಿ ಹಿಡಿಯದೆ ಇರುವ ಆ ಹತ್ತು ಸೆಕೆಂಡಿನಲ್ಲಿ ಒಳಗೆ ಏನು ಕಡಿಮೆ ಬಿದ್ದಿದೆ, ಏನು ಜಾಸ್ತಿಯಾಗಿದೆ ಅಂತ ಮೊದಲು ಗೊತ್ತಾಗಬೇಕು. ತಣ್ಣಗಿರುವ ಗಾಡಿಯನ್ನು ಎಷ್ಟು ನೋಡಿದರೂ ಅದು ಗೊತ್ತಾಗುವುದಿಲ್ಲ. ಗಾಡಿ ಬಿಸಿ ಇರಬೇಕು, ತೊಂದರೆ ಕೊಡುತ್ತಿರಬೇಕು, ಆಗಲೇ ನೋಡಬೇಕು.

ನಾಳೆ ಮೂರು ಕೆಲಸ ಮಾಡಿ. ಯಾವುದಕ್ಕೂ ಸ್ಪಾನರ್ ಬೇಡ. ಒಂದೊಂದನ್ನೂ ಬೇರೆ ಬೇರೆ ಸಲ ಮಾಡಿ, ಒಟ್ಟಿಗೆ ಬೇಡ.

ಒಂದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ, ಸ್ವಲ್ಪವಾದರೂ ಏಳುತ್ತದಾ. ಎರಡು, ಸೆಲ್ಫ್ ಹೊಡೆಯುವ ಮೊದಲು ಕೀ ಆನ್ ಮಾಡಿ ಎರಡು ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ. ಹೀಗೆ ಮೂರು ಸಲ. ಪ್ರತಿ ಸಲವೂ ಪಂಪ್ ಸುಮಾರು ಎರಡು ಸೆಕೆಂಡ್ ಓಡಿ ಲೈನಿನಲ್ಲಿ ಪ್ರೆಷರ್ ತುಂಬುತ್ತದೆ. ಆಮೇಲೆ ಸೆಲ್ಫ್ ಹೊಡೆಯಿರಿ. ಮೂರು, ಇನ್ನೊಂದು ದಿನ ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವ ಹಾಗೆ ತುಳಿದು ಹಿಡಿದುಕೊಂಡೇ ಸೆಲ್ಫ್ ಹೊಡೆಯಿರಿ. ಹಿಡಿದ ತಕ್ಷಣ ಕಾಲು ತೆಗೆಯಿರಿ.

ಏನಾಯಿತು ಅಂತ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಏನನ್ನೂ ಕೊಳ್ಳಬೇಡಿ.

ಕೀಕಳ್ಳ
ಸರಿ ಸರ್, ಮುಳ್ಳು ನೋಡಲಿ. ಏಳದಿದ್ದರೆ ನನ್ನ ಮಾತೇ ನಿಜ.

ಹಳೇಸ್ಪಾನರ್
ಖಂಡಿತ. ಆದರೆ ಕೆಲವು ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಮುಳ್ಳು ಹೇಗೂ ಏಳುವುದಿಲ್ಲ. ಸ್ಕ್ಯಾನರ್ ಹಾಕಿ ನೋಡಿದರೆ ಸಂಶಯ ಇರುವುದಿಲ್ಲ. ಸೆಲ್ಫ್ ಹೊಡೆಯುವಾಗ 200ರ ಆಸುಪಾಸು ಆರ್‌ಪಿಎಂ ತೋರಿಸಬೇಕು.

ದೂರಪಯಣ
ಇದಕ್ಕೆಲ್ಲ ಕಾರಣ ಈಗಿನ ಪೆಟ್ರೋಲ್. ಎಥನಾಲ್ ಬೆರೆಸುತ್ತಾರೆ, ಅದು ಬಿಸಿಗೆ ಬೇಗ ಆವಿಯಾಗುತ್ತದೆ, ಪೈಪಿನಲ್ಲಿ ಗುಳ್ಳೆ ಕಟ್ಟುತ್ತದೆ. ವೇಪರ್ ಲಾಕ್. ಸುಮ್ನೆ ಸೆನ್ಸರ್ ಗಿನ್ಸರ್ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಪಾಠದಮೇಷ್ಟ್ರು
ಅರ್ಧ ಸರಿ ಅನ್ನಬಹುದು. ಎಥನಾಲ್ ಒಂದೇ ಆದರೆ 78 ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲ್ ಅಂದರೆ ಒಂದೇ ದ್ರವ ಅಲ್ಲ, ಹಲವು ದ್ರವಗಳ ಮಿಶ್ರಣ. ಅದರಲ್ಲಿ ಹಗುರವಾದವು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ಶುರುವಾಗುತ್ತವೆ. ಸ್ವಲ್ಪ ಎಥನಾಲ್ ಬೆರೆಸಿದರೆ ಆವಿಯ ಒತ್ತಡ ಇನ್ನೂ ಸ್ವಲ್ಪ ಏರುತ್ತದೆ, ಅದು ನಿಜ.

ಆದರೆ ಇಂಜೆಕ್ಷನ್ ಗಾಡಿಯ ರೈಲಿನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿ, ಪೆಟ್ರೋಲ್ 3ರಿಂದ 4 ಬಾರ್ ಒತ್ತಡದಲ್ಲಿ ಇರುತ್ತದೆ. ಕುಕ್ಕರಿನಲ್ಲಿ ನೀರು 100 ಡಿಗ್ರಿ ದಾಟಿದ ಮೇಲೆ ಕುದಿಯುತ್ತದಲ್ಲ, ಹಾಗೆ ಒತ್ತಡ ಇದ್ದಷ್ಟೂ ಪೆಟ್ರೋಲ್ ತಡೆದುಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಆ ಒತ್ತಡ ಉಳಿದಿದ್ದರೆ ಗುಳ್ಳೆ ಕಟ್ಟುವುದು ಕಷ್ಟ. ಕಟ್ಟುತ್ತಿದೆ ಅಂದರೆ ಒತ್ತಡ ಎಲ್ಲೋ ಸೋರಿ ಹೋಗುತ್ತಿದೆ ಅಂತ ಅರ್ಥ. ಆಗಲೂ ರಿಪೇರಿ ಬೇಕಾಗಿರುವುದು ಗಾಡಿಗೇ.

ಇನ್ನೊಂದು ಮಾತು. ಎಂಜಿನ್ ನಿಲ್ಲಿಸಿದ ಕೂಡಲೇ ಬಾನೆಟ್ ಒಳಗೆ ತಣ್ಣಗಾಗುತ್ತಾ ಹೋಗುತ್ತದೆ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಮೊದಲು ಆಗುವುದು ಅದರ ವಿರುದ್ಧ. ನೀರು ಓಡುವುದು ನಿಲ್ಲುತ್ತದೆ, ಗಾಳಿ ನಿಲ್ಲುತ್ತದೆ, ಕಾದ ಕಬ್ಬಿಣದ ಶಾಖವೆಲ್ಲ ಮೇಲಕ್ಕೆ ಬಂದು ರೈಲು, ಕಾಯಿಲ್, ಸೆನ್ಸರ್‌ಗಳಿಗೆ ಏರುತ್ತದೆ. ಹತ್ತು ಇಪ್ಪತ್ತು ನಿಮಿಷ ಬಿಸಿ ಏರುತ್ತಲೇ ಇರುತ್ತದೆ. ಎರಡು ನಿಮಿಷಕ್ಕೆ ಸ್ಟಾರ್ಟ್ ಆಗುವ ಗಾಡಿ ಇಪ್ಪತ್ತು ನಿಮಿಷಕ್ಕೆ ಆಗದೆ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ದೂರಪಯಣ
ಒತ್ತಡ ಸೋರಿದರೆ ಗುಳ್ಳೆ ಕಟ್ಟುತ್ತದೆ ಅಂತ ನೀವೂ ಒಪ್ಪಿದಿರಿ ತಾನೇ. ಅದನ್ನೇ ನಾನು ಹೇಳಿದ್ದು.

ಕಾರ್ಬ್ಯುರೇಟರ್‌ಕಾಲ
ನಮ್ಮ ಹಳೇ ಗಾಡಿಯ ನೆನಪಾಯಿತು. ಕಾರ್ಬ್ಯುರೇಟರ್ ನೇರವಾಗಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಕೂತಿರುತ್ತಿತ್ತು. ಏರು ಹತ್ತಿಸಿ ಮೇಲೆ ನಿಲ್ಲಿಸಿದರೆ ಸಾಕು, ಬಟ್ಟಲಿನಲ್ಲಿದ್ದ ಪೆಟ್ರೋಲ್ ಕುದ್ದು ಜೆಟ್ ಮೂಲಕ ಉಕ್ಕಿ ಎಂಜಿನ್ ಒಳಗೆ ಇಳಿದುಬಿಡುತ್ತಿತ್ತು. ಅಪ್ಪ ಆಕ್ಸಿಲರೇಟರನ್ನು ನಿಧಾನವಾಗಿ ಕೊನೆಯವರೆಗೆ ತುಳಿದು ಹಾಗೇ ಹಿಡಿದು ಸೆಲ್ಫ್ ಹೊಡೆಯುತ್ತಿದ್ದರು. ನಾನು ಕಲಿಯುವಾಗ ಗಾಬರಿಗೆ ಪಟಪಟ ಅಂತ ಪಂಪ್ ಮಾಡುತ್ತಿದ್ದೆ. "ಪ್ರತಿ ತುಳಿತಕ್ಕೂ ಒಂದೊಂದು ಚಿಮ್ಮು ಪೆಟ್ರೋಲ್ ಹೋಗುತ್ತದೆ, ಈಗಾಗಲೇ ಮುಳುಗಿರುವವನಿಗೆ ಇನ್ನೂ ನೀರು ಕುಡಿಸುತ್ತೀಯಾ" ಅಂತ ಬೈಯುತ್ತಿದ್ದರು. ಆಮೇಲೆ ಕಾರ್ಬ್ಯುರೇಟರ್ ಕೆಳಗೆ ಶಾಖ ತಡೆಯುವ ದಪ್ಪನೆಯ ಬೇಕಲೈಟ್ ತುಂಡು ಹಾಕಿಸಿದ ಮೇಲೆ ತೊಂದರೆ ಬಹಳ ಕಡಿಮೆಯಾಯಿತು.

ನಾಲ್ಕನೇಗೇರ್
ಪೆಟ್ರೋಲ್ ಪೈಪಿಗೆ ಮರದ ಬಟ್ಟೆ ಕ್ಲಿಪ್ ಸಾಲಾಗಿ ಸಿಕ್ಕಿಸಿದರೆ ಬಿಸಿ ಎಳೆದುಕೊಳ್ಳುತ್ತದೆ ಅಂತ ಕೇಳಿದ್ದೇನೆ, ನಿಜವಾ?

ಪಾಠದಮೇಷ್ಟ್ರು
ಮರ ಶಾಖವನ್ನು ಸರಿಯಾಗಿ ಸಾಗಿಸುವುದೇ ಇಲ್ಲ, ಅದಕ್ಕೇ ಬಾಣಲೆಯ ಹಿಡಿಗೆ ಮರ ಹಾಕುವುದು. ಬಾನೆಟ್ ತೆರೆದಿಟ್ಟು ಕ್ಲಿಪ್ ಸಿಕ್ಕಿಸಲು ಹಿಡಿಯುವ ಹತ್ತು ನಿಮಿಷದಲ್ಲಿ ಪೈಪ್ ತಾನೇ ಸ್ವಲ್ಪ ತಣ್ಣಗಾಗುತ್ತದೆ.

ಕಾರ್ಬ್ಯುರೇಟರ್‌ಕಾಲ
ಮೇಷ್ಟ್ರೇ, ನಮ್ಮ ಗಾಡಿಗೆ ಕ್ಲಿಪ್ ಹಾಕಿ ಕೆಲಸ ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಅದಕ್ಕಿಂತ ಬೇಗ ಕೆಲಸ ಮಾಡುತ್ತಿತ್ತು ಅನ್ನುವುದನ್ನು ಒಪ್ಪುತ್ತೇನೆ.

ಎಣ್ಣೆಗೈ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಬಿಸಿ ಇದ್ದಾಗಲೇ ತೊಂದರೆ, ಆದರೆ ಬೇರೆ ಥರ. ಸೆಲ್ಫೇ ನಿಧಾನ. ಬೆಳಿಗ್ಗೆ ಗರಗರ ತಿರುಗುತ್ತದೆ, ಮಧ್ಯಾಹ್ನ ಬಿಸಿ ಇದ್ದಾಗ ಮುಲುಗುತ್ತದೆ. ಒಮ್ಮೊಮ್ಮೆ ಬರೀ ಟಿಕ್ ಅನ್ನುತ್ತದೆ ಅಷ್ಟೇ.

ಹಳೇಸ್ಪಾನರ್
ಎಣ್ಣೆಗೈ ತಮ್ಮಾ, ನಿಮ್ಮದು ಪೂರ್ತಿ ಬೇರೆ ದಾರಿ. ಪೆಟ್ರೋಲ್, ಸೆನ್ಸರ್ ಯಾವುದನ್ನೂ ಮುಟ್ಟಬೇಡಿ. ಕರೆಂಟ್ ಹೋಗುವ ದಾರಿ ನೋಡಿ.

ತಾಮ್ರ ಪ್ರತಿ 10 ಡಿಗ್ರಿ ಬಿಸಿಯಾದರೆ ಅದರ ಪ್ರತಿರೋಧ ಸುಮಾರು 4 ಶೇಕಡ ಏರುತ್ತದೆ. ಸ್ಟಾರ್ಟರ್ ಎಕ್ಸಾಸ್ಟ್ ಪಕ್ಕದಲ್ಲಿದ್ದರೆ 60 ಡಿಗ್ರಿ ಜಾಸ್ತಿ ಬಿಸಿಯಾಗುವುದು ದೊಡ್ಡ ಮಾತಲ್ಲ. ಅಲ್ಲಿಗೆ ಕಾಲು ಭಾಗದಷ್ಟು ಏರಿತು. ಎಲ್ಲ ಚೆನ್ನಾಗಿರುವ ಗಾಡಿ ಇದನ್ನು ತಡೆದುಕೊಳ್ಳುತ್ತದೆ. ಅರ್ತ್ ವೈರ್ ತುಕ್ಕು ಹಿಡಿದಿದ್ದರೆ, ಸ್ಟಾರ್ಟರ್ ಬ್ರಷ್ ಸವೆದಿದ್ದರೆ ತಡೆದುಕೊಳ್ಳುವುದಿಲ್ಲ.

ಮಲ್ಟಿಮೀಟರ್ ಇಡಿ. ಬಿಸಿ ಇದ್ದಾಗ, ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು. ಬ್ಯಾಟರಿಯಲ್ಲಿ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿ ಅಥವಾ ಸ್ಟಾರ್ಟರ್ ಮೇಲೆ ಸಂಶಯ. ಇಳಿಯದಿದ್ದರೆ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಎಂಜಿನ್ ಮೈ ಮೇಲೆ ಇಡಿ. ಅಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ. ಬಿಚ್ಚಿ, ಮರಳು ಕಾಗದದಲ್ಲಿ ಹೊಳೆಯುವ ಹಾಗೆ ಉಜ್ಜಿ ಬಿಗಿ ಮಾಡಿ.

ಎಣ್ಣೆಗೈ
ಅಣ್ಣಾ, ಇವತ್ತೇ ನೋಡುತ್ತೇನೆ.

ತಂಪುಗಾಳಿ
ಮೂರು ದಿನ ಬೇಕಾಯಿತು, ಆದರೆ ಹೇಳಿದ ಹಾಗೇ ಒಂದೊಂದಾಗಿ ಮಾಡಿದೆ.

ಮುಳ್ಳು ಏಳುತ್ತದೆ. ನಮ್ಮೆಜಮಾನರು ಫೋನಿಗೆ ಜೋಡಿಸುವ ಚಿಕ್ಕ ಸ್ಕ್ಯಾನರ್ ತಂದರು. ಅದರಲ್ಲಿ ಸೆಲ್ಫ್ ಹೊಡೆಯುವಾಗ 230ರಿಂದ 240 ಆರ್‌ಪಿಎಂ ತೋರಿಸಿತು.

ಕೀ ಮೂರು ಸಲ ಆನ್ ಆಫ್ ಮಾಡಿದೆ. ಏನೂ ಪ್ರಯೋಜನ ಆಗಲಿಲ್ಲ. ಇನ್ನೂ ಸ್ವಲ್ಪ ಕೆಟ್ಟ ಹಾಗೇ ಅನ್ನಿಸಿತು, ಹನ್ನೆರಡು ಸೆಕೆಂಡ್ ಹಿಡಿಯಿತು.

ಆಕ್ಸಿಲರೇಟರ್ ಪೂರ್ತಿ ತುಳಿದು ಹೊಡೆದರೆ ಎರಡೇ ಸೆಕೆಂಡ್! ಮೂರು ತಿಂಗಳಲ್ಲಿ ಮೊದಲ ಸಲ ಬಿಸಿ ಗಾಡಿ ಹೀಗೆ ಹಿಡಿದಿದ್ದು. ಹಿಡಿದ ಕೂಡಲೇ ಹಿಂದಿನಿಂದ ಕಪ್ಪು ಹೊಗೆ ಬಂತು, ಪೆಟ್ರೋಲ್ ವಾಸನೆಯೂ ಬಂತು. ಖುಷಿಯಾಯಿತು, ಭಯವೂ ಆಯಿತು.

ಹಳೇಸ್ಪಾನರ್
ಅಕ್ಕಾ, ಇದು ಬಹಳ ಒಳ್ಳೆಯ ಸುದ್ದಿ. ನಿಮ್ಮ ಎಂಜಿನ್ ಪೆಟ್ರೋಲ್ ಸಿಗದೆ ಒದ್ದಾಡುತ್ತಿಲ್ಲ. ಪೆಟ್ರೋಲ್ ಜಾಸ್ತಿಯಾಗಿ ಒದ್ದಾಡುತ್ತಿದೆ. ಫ್ಲಡ್ ಆಗುತ್ತಿದೆ.

ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಪೂರ್ತಿ ತುಳಿದಿದ್ದರೆ ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಇಸಿಯು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಒಳಗೆ ಬರೀ ಗಾಳಿ ಹೋಗುತ್ತದೆ. ಪೆಟ್ರೋಲ್ ನಿಲ್ಲಿಸಿದಾಗಲೇ ನಿಮ್ಮ ಗಾಡಿ ಹಿಡಿಯಿತು ಅಂದರೆ ಬೇಕಾದಷ್ಟು ಪೆಟ್ರೋಲ್ ಮೊದಲೇ ಒಳಗೆ ಕೂತಿತ್ತು.

ದೂರಪಯಣ ಅವರೇ, ವೇಪರ್ ಲಾಕ್ ಆಗಿದ್ದರೆ ಕೀ ಮೂರು ಸಲ ತಿರುಗಿಸಿದ್ದು ಸಹಾಯ ಮಾಡಬೇಕಿತ್ತು. ಇಲ್ಲಿ ಪ್ರೆಷರ್ ತುಂಬಿದಾಗ ಇನ್ನೂ ಕೆಟ್ಟಿತು. ಅದಕ್ಕೇ ಆ ದಾರಿ ಬಿಡೋಣ.

ಕೀಕಳ್ಳ
ಹಾಗಾದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್. ಎಂಜಿನ್ ಬಿಸಿ ಇದ್ದರೂ ತಣ್ಣಗಿದೆ ಅಂತ ಸುಳ್ಳು ಹೇಳಿದರೆ ಇಸಿಯು ಬೆಳಗಿನ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುತ್ತದೆ. ಸ್ಕ್ಯಾನರ್ ಹೇಗೂ ಇದೆಯಲ್ಲ, ಎಷ್ಟು ಡಿಗ್ರಿ ತೋರಿಸುತ್ತದೆ ನೋಡಿ.

ಹಳೇಸ್ಪಾನರ್
ಈ ಮಾತು ನೂರಕ್ಕೆ ನೂರು ಸರಿ. ನಾನೇ ಕೇಳಬೇಕು ಅಂತಿದ್ದೆ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಶೇಕಡ ಹೆಚ್ಚು ಕಡಿಮೆ ಮಾಡಿಕೊಂಡಿದೆ ಅನ್ನುವ ಲೆಕ್ಕ, ಎಷ್ಟಿದೆ ಅಂತಲೂ ನೋಡಿ.

ತಂಪುಗಾಳಿ
ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು 24 ಡಿಗ್ರಿ. ಓಡಿಸಿ ನಿಲ್ಲಿಸಿದಾಗ 91. ಇಪ್ಪತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಗದ ಹೊತ್ತಿನಲ್ಲಿ 86. ಸುಳ್ಳು ಹೇಳುತ್ತಿರುವ ಹಾಗೆ ಕಾಣಲಿಲ್ಲ. ಟ್ರಿಮ್ ಐಡ್ಲಿಂಗ್‌ನಲ್ಲಿ ಮೈನಸ್ 13, ರಸ್ತೆಯಲ್ಲಿ ಓಡುವಾಗ ಮೈನಸ್ 4.

ಪಾಠದಮೇಷ್ಟ್ರು
ಮೈನಸ್ 13 ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ 13 ಶೇಕಡ ಕಡಿಮೆ ಪೆಟ್ರೋಲ್ ಬಿಡುತ್ತಿದೆ. ಅದು ಬಿಡದೇ ಇದ್ದರೂ ಬೇರೆ ಎಲ್ಲಿಂದಲೋ ಪೆಟ್ರೋಲ್ ಬರುತ್ತಿದೆ. ಐಡ್ಲಿಂಗ್‌ನಲ್ಲಿ ಜಾಸ್ತಿ, ಓಡುವಾಗ ಕಡಿಮೆ ಅನ್ನುವುದೂ ಹೊಂದುತ್ತದೆ. ಒಂದೇ ಅಳತೆಯ ಸೋರಿಕೆ ಐಡ್ಲಿಂಗ್‌ನ ಚಿಕ್ಕ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ.

ಕೀಕಳ್ಳ
ಎರಡೇ ಜಾಗ ಉಳಿದವು. ಇಂಜೆಕ್ಟರ್ ಸೋರುತ್ತಿದೆ, ಅಥವಾ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ. ನಾನು ಪರ್ಜ್ ವಾಲ್ವ್ ಅನ್ನುತ್ತೇನೆ. ಅಕ್ಕಾ, ಟ್ಯಾಂಕ್ ತುಂಬಿಸಿದ ಕೂಡಲೇ ತೊಂದರೆ ಜಾಸ್ತಿ ಆಗುತ್ತದಾ?

ತಂಪುಗಾಳಿ
ಇಲ್ಲ ಅಣ್ಣಾ, ಟ್ಯಾಂಕ್ ತುಂಬಿದ್ದರೂ ಖಾಲಿ ಇದ್ದರೂ ಒಂದೇ ಥರ.

ಹಳೇಸ್ಪಾನರ್
ನಾನು ಇಂಜೆಕ್ಟರ್ ಅನ್ನುತ್ತೇನೆ. ಜಗಳ ಬೇಡ, ಎರಡನ್ನೂ ನೋಡಿಬಿಡೋಣ.

ಪರ್ಜ್ ವಾಲ್ವ್ ಸುಲಭ. ಎಂಜಿನ್ ಆಫ್ ಇದ್ದಾಗ ಅದು ಮುಚ್ಚಿರಬೇಕು. ಪೈಪ್ ಬಿಚ್ಚಿ ಕೈಪಂಪಿನಿಂದ ಗಾಳಿ ಊದಿದರೆ ದಾಟಬಾರದು.

ಇಂಜೆಕ್ಟರಿಗೆ ಈ ಸಲ ಗ್ಯಾರೇಜಿಗೇ ಹೋಗಿ. ಆದರೆ ಬಿಟ್ಟು ಬರಬೇಡಿ. ಓಡಿಸಿಕೊಂಡು ಹೋಗಿ, ಬಿಸಿ ಇರುವಾಗಲೇ ಎದುರು ನಿಂತು ಮಾಡಿಸಿ. ರೈಲಿಗೆ ಪ್ರೆಷರ್ ಗೇಜ್ ಹಾಕಬೇಕು. ಎಂಜಿನ್ ನಿಲ್ಲಿಸಿ ಇಪ್ಪತ್ತು ನಿಮಿಷ ಮುಳ್ಳು ನೋಡಬೇಕು. ಬೇಗ ಇಳಿದರೆ, ಇನ್ನೊಂದು ಸಲ ಪ್ರೆಷರ್ ಏರಿಸಿ, ನಿಲ್ಲಿಸಿದ ಕೂಡಲೇ ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಕ್ಲ್ಯಾಂಪ್ ಹಾಕಿ ಒತ್ತಿ ಹಿಡಿಯಬೇಕು. ಪ್ಲಾಸ್ಟಿಕ್ ಪೈಪಿಗೆ ಕ್ಲ್ಯಾಂಪ್ ಹಾಕಿದರೆ ಒಡೆಯುತ್ತದೆ, ಹುಷಾರು. ಕ್ಲ್ಯಾಂಪ್ ಹಾಕಿದ ಮೇಲೆ ಮುಳ್ಳು ನಿಂತರೆ ಪೆಟ್ರೋಲ್ ಹಿಂದಕ್ಕೆ ಹೋಗದ ಹಾಗೆ ತಡೆಯುವ ಪಂಪಿನ ಚೆಕ್ ವಾಲ್ವ್ ಕಡೆ ಸೋರಿಕೆ. ಆಗಲೂ ಇಳಿದರೆ ಇಂಜೆಕ್ಟರ್ ಕಡೆ. ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ನೋಡಿ, ಯಾವುದು ಒದ್ದೆಯೋ ಅಲ್ಲೇ ಕಳ್ಳ.

ಎರಡು ವಿಷಯ ಮರೆಯಬೇಡಿ. ಬಿಸಿ ಎಂಜಿನ್ ಹತ್ತಿರ ಪೆಟ್ರೋಲ್ ಲೈನ್ ಬಿಚ್ಚುವ ಮೊದಲು ಪ್ರೆಷರ್ ಇಳಿಸಲೇಬೇಕು, ಬೆಂಕಿಯ ಕೆಲಸ ಅದು. ಆಮೇಲೆ ಡಿಪ್‌ಸ್ಟಿಕ್ ಮೂಸಿ ನೋಡಿ. ಸೋರಿದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾದರೆ ಬೇರಿಂಗ್ ಹಾಳು.

ಡೀಸೆಲ್‌ದಾರಿ
ನನ್ನದು 2014ರ ಕಾಮನ್ ರೈಲ್ ಡೀಸೆಲ್. ತಣ್ಣಗಿದ್ದಾಗ ಚೆನ್ನಾಗಿದೆ, ಬಿಸಿ ಇದ್ದಾಗ ಸೆಲ್ಫ್ ಹೊಡೆದೂ ಹೊಡೆದೂ ಸಾಕಾಗುತ್ತದೆ. ಆಕ್ಸಿಲರೇಟರ್ ತುಳಿದರೆ ನನಗೂ ಕೆಲಸ ಮಾಡುತ್ತದಾ?

ಪಾಠದಮೇಷ್ಟ್ರು
ಇಲ್ಲ. ಡೀಸೆಲ್‌ನಲ್ಲಿ ತೊಂದರೆ ಸಾಮಾನ್ಯವಾಗಿ ಇದರ ಉಲ್ಟಾ, ಇಂಧನ ಸಾಲುವುದಿಲ್ಲ. ಬಿಸಿ ಡೀಸೆಲ್ ತೆಳ್ಳಗಿರುತ್ತದೆ. ಸವೆದ ಇಂಜೆಕ್ಟರ್ ಇದ್ದರೆ ರಿಟರ್ನ್ ಪೈಪಿಗೆ ಜಾಸ್ತಿ ಜಾರಿಹೋಗುತ್ತದೆ. ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಷರ್ 200 ಬಾರ್ ಆಸುಪಾಸಿಗಾದರೂ ಏರದಿದ್ದರೆ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ. ಬಿಸಿ ಇದ್ದಾಗ ಸ್ಕ್ಯಾನರಿನಲ್ಲಿ ಅದನ್ನು ನೋಡಿ. ಏರುತ್ತಿಲ್ಲ ಅಂದರೆ ನಾಲ್ಕೂ ಇಂಜೆಕ್ಟರಿನ ರಿಟರ್ನಿಗೆ ನಾಲ್ಕು ಬಾಟಲಿ ಕಟ್ಟಿಸಿ, ಯಾವುದರಿಂದ ಜಾಸ್ತಿ ಬರುತ್ತದೆ ಅಂತ ಅಳೆಯಿಸಿ. ನೀವೇ ಹೈ ಪ್ರೆಷರ್ ಪೈಪ್ ಸಡಿಲಿಸಲು ಹೋಗಬೇಡಿ. ಎಂಜಿನ್ ಓಡುವಾಗ ಅಲ್ಲಿ ಸಾವಿರ ಬಾರ್ ದಾಟುತ್ತದೆ, ಸೂಜಿಮೊನೆಯಷ್ಟು ಸೋರಿಕೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ.

ಎಣ್ಣೆಗೈ
ಹಳೇಸ್ಪಾನರ್ ಅಣ್ಣಾ, ಬಿಸಿಯಲ್ಲಿ ಅರ್ತ್ ಕಡೆ 1.3 ವೋಲ್ಟ್ ತೋರಿಸಿತು! ಗೇರ್‌ಬಾಕ್ಸ್‌ನಿಂದ ಬಾಡಿಗೆ ಹೋಗುವ ವೈರ್ ಹಸಿರುಗಟ್ಟಿ ಅರ್ಧ ಎಳೆ ಕಿತ್ತುಹೋಗಿತ್ತು. ಹೊಸದು ಹಾಕಿದೆ. ಈಗ ಬಿಸಿಯಲ್ಲೂ ಬೆಳಗಿನ ಹಾಗೇ ತಿರುಗುತ್ತಿದೆ. ನಾಳೆ ಸ್ಟಾರ್ಟರ್ ಬದಲಾಯಿಸಲು ಕೊಡಬೇಕು ಅಂತಿದ್ದೆ, ಉಳಿಯಿತು.

ನಾಲ್ಕನೇಗೇರ್
ನನಗೂ ಒಂದು ಮಲ್ಟಿಮೀಟರ್ ಬೇಕು ಅನ್ನಿಸುತ್ತಿದೆ.

ತಂಪುಗಾಳಿ
ಬಿಸಿ ಗಾಡಿ ಓಡಿಸಿಕೊಂಡು ಹೋಗಿ ಎದುರೇ ನಿಂತು ಮಾಡಿಸಿದೆ. ಮೆಕ್ಯಾನಿಕ್ ಮೊದಲು ಒಪ್ಪಲಿಲ್ಲ, ಹೊಸ ಪಂಪ್ ಇದೆಯಲ್ಲ ಅಂದರು. ಆಕ್ಸಿಲರೇಟರ್ ತುಳಿದು ತೋರಿಸಿದ ಮೇಲೆ ಅವರಿಗೂ ಆಸಕ್ತಿ ಬಂತು.

ಪರ್ಜ್ ವಾಲ್ವ್ ಸರಿಯಾಗಿಯೇ ಮುಚ್ಚುತ್ತದೆ. ಗೇಜ್ ಹಾಕಿದಾಗ ಎಂಜಿನ್ ಓಡುವಾಗ 3.5 ಬಾರ್. ನಿಲ್ಲಿಸಿ ಹತ್ತು ನಿಮಿಷಕ್ಕೆ 1.1. ಕ್ಲ್ಯಾಂಪ್ ಹಾಕಿದರೂ ಹಾಗೇ ಇಳಿಯಿತು. ಪ್ಲಗ್ ಬಿಚ್ಚಿದರೆ ಮೂರನೆಯದು ಒದ್ದೆ, ಕಪ್ಪು. ಉಳಿದ ಮೂರು ಒಣಗಿದ್ದವು. ಆ ಇಂಜೆಕ್ಟರ್ ತೆಗೆದು ಪ್ರೆಷರ್ ಕೊಟ್ಟು ಹಿಡಿದರು. ತುದಿಯಲ್ಲಿ ಒಂದು ಹನಿ ಕಟ್ಟಿ ಬಿತ್ತು, ಇನ್ನೊಂದು ಕಟ್ಟಿತು. ಮೂರು ತಿಂಗಳು ನನ್ನನ್ನು ಕಾಡಿಸಿದ್ದು ಆ ಹನಿ. ಕ್ಲೀನ್ ಮಾಡಿಸಿದರೂ ತೊಟ್ಟಿಕ್ಕುವುದು ನಿಲ್ಲಲಿಲ್ಲ, ಅದೊಂದನ್ನು ಹೊಸದು ಹಾಕಿಸಿದೆ. ನಾಲ್ಕಕ್ಕೂ ಹೊಸ ಓ ರಿಂಗ್ ಹಾಕಿದರು. ಡಿಪ್‌ಸ್ಟಿಕ್ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು, ಆಯಿಲ್ ಮತ್ತು ಫಿಲ್ಟರ್ ಕೂಡ ಬದಲಾಯಿಸಿದೆ.

ಕೀಕಳ್ಳ
ಅಕ್ಕಾ, ತುಂಬ ಸಂತೋಷ ಆಯಿತು. ನಾನು ಎರಡು ಸಲ ತಪ್ಪು ಹೇಳಿದೆ, ಕ್ಷಮಿಸಿ. ಬೆಳಿಗ್ಗೆ ಯಾಕೆ ತೊಂದರೆ ಕೊಡುತ್ತಿರಲಿಲ್ಲ ಅನ್ನುವುದು ಮಾತ್ರ ನನಗೆ ಇನ್ನೂ ತಿಳಿಯಲಿಲ್ಲ.

ಹಳೇಸ್ಪಾನರ್
ಒತ್ತಡ ಪೂರ್ತಿ ಇಳಿದ ಮೇಲೆ ಸೋರುವುದು ನಿಲ್ಲುತ್ತದೆ. ರಾತ್ರಿಯಿಡೀ ಬಿಟ್ಟರೆ ಸೋರಿದ್ದು ಆರಿಹೋಗಿರುತ್ತದೆ. ಅಲ್ಪಸ್ವಲ್ಪ ಉಳಿದಿದ್ದರೂ ತಣ್ಣಗಿನ ಎಂಜಿನ್ನಿಗೆ ಹೇಗೂ ಜಾಸ್ತಿ ಪೆಟ್ರೋಲ್ ಬೇಕು, ಅದು ಉಪಯೋಗಕ್ಕೇ ಬರುತ್ತದೆ. ಬಿಸಿ ಎಂಜಿನ್ನಿಗೆ ಅಷ್ಟು ಬೇಡ, ಅದಕ್ಕೇ ಮುಳುಗುತ್ತದೆ. ಮತ್ತೆ ನೀವು ತಪ್ಪು ಹೇಳಲಿಲ್ಲ, ಕೇಳಬೇಕಾದ್ದನ್ನೇ ಕೇಳಿದಿರಿ. ನಿಮ್ಮ ಕೂಲೆಂಟ್ ಸೆನ್ಸರ್ ಮಾತು ನೋಡದೇ ಮುಂದೆ ಹೋಗುವ ಹಾಗೇ ಇರಲಿಲ್ಲ.

ಅಕ್ಕಾ, ಎರಡು ವಾರ ಬಿಟ್ಟು ಟ್ರಿಮ್ ಮತ್ತೊಮ್ಮೆ ನೋಡಿ ಹೇಳಿ.

ತಂಪುಗಾಳಿ
ಎರಡು ವಾರ ಆಯಿತು. ಐಡ್ಲಿಂಗ್‌ನಲ್ಲಿ ಮೈನಸ್ 1. ಇವತ್ತು ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ ಬೇಕಂತಲೇ ಕಾದು ಸ್ಟಾರ್ಟ್ ಮಾಡಿದೆ. ಅರ್ಧ ಸೆಲ್ಫ್‌ಗೆ ಹಿಡಿಯಿತು.

ಡೀಸೆಲ್‌ದಾರಿ
ಬಿಸಿಯಲ್ಲಿ ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಷರ್ 130 ಬಾರ್‌ಗಿಂತ ಮೇಲೆ ಹೋಗುತ್ತಿಲ್ಲ ಮೇಷ್ಟ್ರೇ. ಬಾಟಲಿ ಕಟ್ಟಿಸಲು ನಾಳೆ ಹೋಗುತ್ತಿದ್ದೇನೆ. ಬಿಸಿ ಇರುವಾಗಲೇ.